ವರಲಕ್ಷ್ಮಿ ಮ್ಯೂಸಿಯಂ ಹತ್ತಿದ್ದು

ಆರ್‌ಪಿಸಿ ಲೇಔಟಿನ ನಮ್ಮ ಬೀದಿಯಲ್ಲಿ ವರಲಕ್ಷ್ಮಿಯ ಜೊತೆ ವಾದಕ್ಕಿಳಿಯುವ ಹೆಂಗಸರು ಯಾರೂ ಇಲ್ಲ. ಎಲ್ಲರ ಬ್ಲೌಸ್ ಹೊಲಿಯುವವಳು ಅವಳೇ. ಯುಗಾದಿಯಿಂದ ದೀಪಾವಳಿಗೆ ಯಾರ ತೋಳು ಎಷ್ಟು ದಪ್ಪವಾಯಿತೆಂದು ನಡುಬೀದಿಯಲ್ಲೇ ಹೇಳಿಬಿಡುತ್ತಾಳೆ. ನನ್ನದನ್ನೂ ಹೇಳಿದ್ದಾಳೆ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವಳ ಕಾಲುಗಳು ಸೋತವು. ಗಾಲಿಕುರ್ಚಿಯಲ್ಲಿ ಕುಳಿತು, ಹೊಲಿಗೆ ಯಂತ್ರದ ಮೋಟಾರನ್ನು ಮೊಣಕೈಯಿಂದ ಒತ್ತುತ್ತಾ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬೈಯುವ ಕಲೆ ಅವಳೊಬ್ಬಳಿಗೇ ಗೊತ್ತು.

ಅವಳ ಮೈ ಉರಿಯುವುದು ಒಂದೇ ಸಂಗತಿಗೆ, ಯಾರಾದರೂ ಅವಳನ್ನು ಎತ್ತಿಕೊಂಡಾಗ. ಯಾವ ಕಲ್ಯಾಣ ಮಂಟಪಕ್ಕೆ ಹೋದರೂ ನಾಲ್ಕು ಜನ ಗಂಡಸರು ಕೇಳದೆಯೇ ಅವಳನ್ನು ಕುರ್ಚಿ ಸಮೇತ ಎತ್ತಿ, "ಹುಷಾರು, ಹುಷಾರು" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಾರೆ. ಆಮೇಲೆ ಪುಣ್ಯ ಕಟ್ಟಿಕೊಂಡವರ ಹಾಗೆ ಬೆವರು ಒರೆಸಿಕೊಳ್ಳುತ್ತಾರೆ.

ವಿಜಯನಗರದ ಬಡಾವಣೆ ಸಂಘದವರು ಹಳೆಯ ಮನೆಯೊಂದರಲ್ಲಿ ಬೀಸುವ ಕಲ್ಲು, ರೇಡಿಯೊ, ಹಿತ್ತಾಳೆ ಹಂಡೆಗಳ ಪುಟ್ಟ ಮ್ಯೂಸಿಯಂ ತೆರೆದರು. ಬಾಗಿಲಿಗೆ ಮೆಟ್ಟಿಲು ಮಾತ್ರ ಇತ್ತು. ಗಾಲಿಕುರ್ಚಿ ಹತ್ತುವಂಥ ಇಳಿಜಾರು ಬೇಕೆಂದು ವರಲಕ್ಷ್ಮಿ, ಸಂಘದ ಅಧ್ಯಕ್ಷ ಮುನಿವೆಂಕಟಪ್ಪನವರ ಬೆನ್ನು ಬಿದ್ದಳು.

"ನಾವೇ ಎತ್ಕೋತೀವಲ್ಲಮ್ಮ" ಎಂದರು ಅವರು.

"ಎತ್ತೋದಾದ್ರೆ ನಾನು ಬರಲ್ಲ ಸಾರ್. ನಾನಾಗೇ ಒಳಗೆ ಬರ್ಬೇಕು."

ಅವರ ಹೆಂಡತಿ ಅಕ್ಕಯ್ಯಮ್ಮನವರ ಬ್ಲೌಸುಗಳೆಲ್ಲ ಹೊಲಿಯದೆ ಉಳಿದ ಮೇಲೆ ಸಿಮೆಂಟಿನ ರ‍್ಯಾಂಪ್ ತಯಾರಾಯಿತು.

ಅದರ ಉದ್ಘಾಟನೆಗೆ ವರಲಕ್ಷ್ಮಿಯೇ ಮುಖ್ಯ ಅತಿಥಿ. ನಾನೂ ಹೋದೆ. ಹೊಸ ರ‍್ಯಾಂಪಿಗೆ ಅರಿಶಿನ ಕುಂಕುಮ, ಎರಡೂ ಕಡೆ ಬಾಳೆಕಂದು. ಉದ್ದಕ್ಕೂ ಅಕ್ಕಯ್ಯಮ್ಮ ಬೆಳಗಿನ ಜಾವ ಎದ್ದು ಬಿಡಿಸಿದ ಬಣ್ಣದ ನವಿಲುಗಳ ರಂಗೋಲಿ. ಶಾಲು, ಹಾರ, ಹಣ್ಣಿನ ಬುಟ್ಟಿ, ತೆಂಗಿನಕಾಯಿ ಎಲ್ಲ ವರಲಕ್ಷ್ಮಿಯ ತೊಡೆಯ ಮೇಲೆ ಬಂದು ಕುಳಿತು, ಅವಳ ಮುಖವೇ ಕಾಣದಂತಾಯಿತು. ಭಾಷಣಗಳು ಮುಗಿದು ಅವಳು ಚಕ್ರಕ್ಕೆ ಕೈ ಹಾಕಿದ್ದೇ ತಡ, ಅಧ್ಯಕ್ಷರು ಓಡಿಬಂದರು.

"ಅಯ್ಯೋ, ಇವತ್ತು ಬೇಡಮ್ಮ! ರಂಗೋಲಿ ಅಳಿಸಿಹೋಗುತ್ತೆ. ಇವತ್ತೊಂದಿನ ಮೆಟ್ಟಿಲ ಮೇಲೆ ಎತ್ಕೊಂಡು ಹೋಗ್ತೀವಿ."

ನಾಲ್ಕು ಜನ ಆಗಲೇ ಅಂಗಿಯ ತೋಳು ಮಡಚಿಕೊಂಡು ನಿಂತಿದ್ದರು. ನನಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ವರಲಕ್ಷ್ಮಿ ಒಬ್ಬನ ಕೈಗೆ ಹಣ್ಣಿನ ಬುಟ್ಟಿ ಕೊಟ್ಟಳು, ಇನ್ನೊಬ್ಬನಿಗೆ ಹಾರ, ಮತ್ತೊಬ್ಬನಿಗೆ ಶಾಲು, ಕೊನೆಯವನಿಗೆ ತೆಂಗಿನಕಾಯಿ. "ಎತ್ಲೇಬೇಕು ಅಂದ್ರೆ ಇವನ್ನ ಎತ್ಕೊಂಡು ಬನ್ನಿ" ಎಂದು ಕುರ್ಚಿ ತಿರುಗಿಸಿದಳು.

"ರಂಗೋಲಿ ತುಳೀಬಾರ್ದು ಕಣೇ!" ಅಕ್ಕಯ್ಯಮ್ಮ ಕೂಗಿದರು.

"ನಾನೆಲ್ಲಿ ತುಳೀತೀನಿ ಆಂಟಿ? ನನ್ನ ಕಾಲು ಮೇಲೇ ಇದೆಯಲ್ಲ!"

ಮೊದಲು ನಕ್ಕವರು ಅಕ್ಕಯ್ಯಮ್ಮನೇ. ಅಷ್ಟರಲ್ಲಿ ಕುರ್ಚಿ ನವಿಲುಗಳ ಮೇಲೆ ಹಾದು ಬಾಗಿಲು ದಾಟಿತ್ತು.

ಒಳಗೆ ನೆಲದ ಮೇಲೆ ನೀಲಿ, ಹಸಿರು ಗೆರೆ ಎಳೆಯುತ್ತಾ ಅವಳು ಹೊರಟಳು. ಅಧ್ಯಕ್ಷರು ಬೀಸುವ ಕಲ್ಲಿನ ವಿವರಣೆ ಶುರುಮಾಡುವ ಹೊತ್ತಿಗೆ ರೇಡಿಯೊ ಹತ್ತಿರ ಇದ್ದಳು. ಅವರು ಅಲ್ಲಿಗೆ ಬಂದರೆ ಇವಳು ಹಂಡೆಯ ಹತ್ತಿರ. ಏನೂ ಇಲ್ಲದ ಮೂಲೆಗೂ ಹೋಗಿ ಒಂದು ಸುತ್ತು ಹಾಕಿ ಬಂದಳು. ಅವರಿಗೆ ಸುಸ್ತಾಯಿತು.

"ಅಲ್ಲಮ್ಮ, ಏನು ನೋಡ್ಬೇಕು ಹೇಳು, ನೇರ ಅಲ್ಲಿಗೇ ಕರ್ಕೊಂಡು ಹೋಗ್ತೀನಿ."

"ಗೊತ್ತಿಲ್ಲ ಸಾರ್. ಇಷ್ಟು ವರ್ಷ, ಎತ್ಕೊಂಡೋರು ಎಲ್ಲಿ ಇಳಿಸಿದ್ರೋ ಅಷ್ಟೇ ನೋಡಿರೋದು" ಎಂದು ಅವಳು ಮತ್ತೆ ಆ ಖಾಲಿ ಮೂಲೆಯ ಕಡೆಗೇ ಹೊರಟಳು.