ಬಾಗಿಲ ಮೇಲಿನ ದೀಪ

ಫ್ಯೂಸಕ್ಕನ ಕಾಲು ಆವತ್ತು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಾಸ್ಟೆಲಿಗೆ ಅವಳೇ ಎಲೆಕ್ಟ್ರಿಷಿಯನ್. ಕರೆಂಟು ಹೋದಾಗಲೆಲ್ಲ ಮಹಡಿಗಳಿಂದ "ಅಕ್ಕಾ, ಫ್ಯೂಸು" ಎಂಬ ಕೂಗು ಏಳುತ್ತಿದ್ದುದರಿಂದ ಅಂಟಿದ ಹೆಸರು ಅದು. ವೈರಿಂಗ್ ಕೆಲಸದ ಅಪ್ಪನ ಹಿಂದೆ ಏಣಿ ಹೊತ್ತು ಕಲಿತವಳು. ಹೆಣ್ಣಿಗ್ಯಾಕೆ ಕರೆಂಟಿನ ಸಹವಾಸ ಎಂದು ಮೂಗು ಮುರಿದ ನೆಂಟರ ಮನೆಯ ಫ್ಯಾನುಗಳೂ ಈಗ ಅವಳ ದಯೆಯಿಂದಲೇ ತಿರುಗುತ್ತವೆ.

ಇಷ್ಟು ವರ್ಷ ಬರೀ ಸುಟ್ಟ ಬಲ್ಬು, ಕೆಟ್ಟ ಗೀಸರು. ಈಗ ಹೊಚ್ಚ ಹೊಸ ಕೆಲಸ. ಕಿವಿ ಕೇಳಿಸದ ಹುಡುಗಿಯೊಬ್ಬಳು ಮೊದಲ ವರ್ಷಕ್ಕೆ ಸೇರಿದ್ದಳು. ಅವಳ ಕೋಣೆಗೆ ಬೆಲ್ ಒತ್ತಿದರೆ ಮಿನುಗುವ ದೀಪ ಹಾಕಬೇಕು, ಬೆಂಕಿ ಎಚ್ಚರಿಕೆಯ ಗಂಟೆ ಹೊಡೆದರೆ ಗಡಗಡ ನಡುಗುವ ಬಿಲ್ಲೆಯೊಂದನ್ನು ದಿಂಬಿನಡಿ ಇಡಬೇಕು. ಪೆಟ್ಟಿಗೆ ಬಿಚ್ಚಿದ ಫ್ಯೂಸಕ್ಕ ಮೊದಲು ಬಿಲ್ಲೆಯನ್ನು ತನ್ನ ಕೆನ್ನೆಯಡಿ ಇಟ್ಟು ನೋಡಿದಳು. ಆಮೇಲೆ ವಾರ್ಡನ್ನಮ್ಮನ ಕುರ್ಚಿಯಲ್ಲಿಟ್ಟು ಅವರನ್ನು ಎಗರಿಸಿ, ಹೊಟ್ಟೆತುಂಬ ಬೈಸಿಕೊಂಡಳು.

ಕೋಣೆಗೆ ದೀಪ ಕೂರಿಸಿದ್ದಾಯಿತು. ಮಗಳೊಂದಿಗೆ ಬಂದ ತಾಯಿಗೆ ಇದೆಲ್ಲ ಆಟದ ಸಾಮಾನಿನಂತೆ ಕಂಡಿತು. ಚಿಕ್ಕಂದಿನಲ್ಲಿ ಮಗಳು ಚಿಲಕ ಹಾಕಿಕೊಂಡು ಮಲಗಿದಾಗ, ಎಷ್ಟು ಬಡಿದರೂ ತಿಳಿಯದೆ, ಬಾಗಿಲು ಒಡೆಯಬೇಕಾಗಿತ್ತಂತೆ. ಅಂದಿನಿಂದ ಮನೆಯಲ್ಲಿ ಅವಳ ಕೋಣೆಗೆ ಚಿಲಕವೇ ಇಲ್ಲ. ಯಾರು ಬೇಕಾದರೂ ಒಳಗೆ ಹೋಗಿ ಭುಜ ಮುಟ್ಟುವುದೇ ರೂಢಿ.

"ಬಾಗಿಲು ಹಾಕ್ಕೊಂಡು ಕೂತಿರಲಿ. ನಾನು ಬೆಲ್ ಒತ್ತಿದ್ರೆ ತೆಗೀಬೇಕು. ಇಲ್ಲಾಂದ್ರೆ ಸಂಜೆ ಬಸ್ಸಿಗೆ ನನ್ನ ಜೊತೆ ವಾಪಸ್ಸು," ಎಂದರು ತಾಯಿ.

ಹುಡುಗಿ ಚಿಲಕ ಹಾಕಿ ಓದುವ ಮೇಜಿಗೆ ಕೂತಳು. ತಾಯಿ ಗುಂಡಿ ಒತ್ತಿದರು. ಬಾಗಿಲ ಮೇಲಿನ ಗಾಜಿನಾಚೆ ಬೆಳಕು ಪಳಪಳ ಮಿನುಗಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಮತ್ತೆ ಒತ್ತಿದರು, ಒತ್ತುತ್ತಲೇ ಇದ್ದರು. ಕೊನೆಗೆ ಹುಡುಗಿ ತಾನಾಗಿಯೇ ಬಂದು ಬಾಗಿಲು ತೆಗೆದು, ಇನ್ನೂ ಶುರು ಮಾಡಲಿಲ್ಲವೇ ಎಂದು ಕೈಸನ್ನೆಯಲ್ಲೇ ಕೇಳಿದಳು. ತಾಯಿ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದರು. ಫ್ಯೂಸಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹುಡುಗಿ ಅಳಲಿಲ್ಲ. ದೀಪ ನೋಡಿದಳು, ಮೇಜು ನೋಡಿದಳು. ಫ್ಯೂಸಕ್ಕನ ಮುಂಗೈ ಹಿಡಿದೆಳೆದು ತನ್ನ ಕುರ್ಚಿಯಲ್ಲಿ ಕೂರಿಸಿ, ಅವಳ ತಲೆಯನ್ನು ಪುಸ್ತಕದ ಕಡೆ ತಿರುಗಿಸಿದಳು. ಎದುರಿಗೆ ಕಿಟಕಿ. ಬಾಗಿಲು ಬೆನ್ನ ಹಿಂದೆ.

ಫ್ಯೂಸಕ್ಕ ಹಣೆ ಚಚ್ಚಿಕೊಂಡಳು. ಜನ್ಮವೆಲ್ಲ ಬೆಲ್ಲನ್ನು ಬಾಗಿಲ ಮೇಲೇ ಕೂರಿಸಿದ ಕೈ, ದೀಪವನ್ನೂ ಅಲ್ಲೇ ಕೂರಿಸಿತ್ತು.

"ಅಮ್ಮಾ, ತಪ್ಪು ನಂದು, ನಿಮ್ಮ ಮಗಳದ್ದಲ್ಲ. ಬಸ್ಸಿಗಿನ್ನೂ ಹೊತ್ತಿದೆ. ಸ್ವಲ್ಪ ಈ ಏಣಿ ಹಿಡ್ಕೊಳ್ಳಿ," ಎಂದು ಸರಸರ ಹತ್ತಿಯೇಬಿಟ್ಟಳು. ಗೊಣಗುತ್ತಲೇ ತಾಯಿ ಏಣಿ ಹಿಡಿದರು. ವೈರು ಗೋಡೆಗುಂಟ ಓಡಿತು. ಒಂದು ದೀಪ ಕಿಟಕಿಯ ಮೇಲೆ ಬಂತು, ಇನ್ನೊಂದು ಮಂಚದ ಎದುರಿಗೆ. ಎರಡನ್ನೂ ಎಲ್ಲಿಡಬೇಕೆಂದು ಹುಡುಗಿಯೇ ಬೆರಳು ತೋರಿಸಿದಳು. ಸುದ್ದಿ ತಿಳಿದು ಕಾರಿಡಾರಿನ ತುಂಬ ಹುಡುಗಿಯರು ಸೇರಿದರು. ಮಗಳು ಮತ್ತೆ ಚಿಲಕ ಹಾಕಿಕೊಂಡು ಮೇಜಿಗೆ ಕೂತಳು.

ತಾಯಿ ಗುಂಡಿ ಒತ್ತಿದರು. ಒಳಗೆ ಕುರ್ಚಿ ಸರಿದ ಸದ್ದಾಯಿತು, ಚಿಲಕ ಕದಲಿತು. ಬಾಗಿಲು ಒಂದು ಗೇಣು ತೆರೆದು ಮಗಳ ಮುಖ ಇಣುಕಿತು. ಗುರುತೇ ಇಲ್ಲದವಳಂತೆ ತಾಯಿಯನ್ನು ಮೇಲಿಂದ ಕೆಳಗೆ ನೋಡಿ, ಯಾರು ಬೇಕಾಗಿತ್ತು ಎಂದು ಕೈಸನ್ನೆ ಮಾಡಿದಳು. ತಾಯಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಫ್ಯೂಸಕ್ಕ ಏಣಿಯನ್ನೇ ತಬ್ಬಿಕೊಂಡು ಕುಣಿದಳು.

ರೂಢಿಯಂತೆ ತಾಯಿ ಒಳಗೆ ಕಾಲಿಡಹೋದರು. ಮಗಳು ಅಂಗೈ ಅಡ್ಡ ಹಿಡಿದು, ನಗುತ್ತ ಬಾಗಿಲು ಮುಚ್ಚಿ ಚಿಲಕ ಹಾಕಿಕೊಂಡಳು. ತಾಯಿ ಕೆದರಿದ ಕೂದಲು ಸರಿಮಾಡಿಕೊಂಡು, ಮತ್ತೆ ಬೆಲ್ ಒತ್ತಿ, ಮಗಳು ಕರೆಯುವವರೆಗೂ ಹೊರಗೇ ನಿಂತರು.