ಹೆಲ್ಮೆಟ್ ತುಂಬಾ ದಾಸವಾಳ

ಬೇಗೂರಿನ ಹತ್ತಿರ ರಸ್ತೆಬದಿಯ ದಾಸವಾಳದ ಗಿಡಗಳಿಗೆ ಟ್ಯಾಂಕರಿನಿಂದ ನೀರು ಬಿಡುವ ಕೆಲಸ ನನ್ನದು. ಪೈಪು ಎಳೆದೂ ಎಳೆದೂ ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ಆದರೆ ಮಧ್ಯಾಹ್ನದ ತನಕ ಗಿಡದಲ್ಲಿ ಉಳಿದ ಒಂದೇ ಒಂದು ಹೂವನ್ನು ನಾನು ಕಂಡಿಲ್ಲ.

ಅವತ್ತು ಬೆಳಿಗ್ಗೆ ಒಬ್ಬ ಯಜಮಾನರು ಬೈಕ್ ನಿಲ್ಲಿಸಿ, ಭಕ್ತಿಯಿಂದ ಚಪ್ಪಲಿ ಬಿಟ್ಟು, ಹೆಲ್ಮೆಟ್ ತುಂಬಾ ಹೂವು ಕೀಳುತ್ತಿದ್ದರು. ಕದಿಯುವುದಕ್ಕೂ ಮಡಿ!

"ಯಜಮಾನ್ರೇ, ರೋಡಿನ ಅಂದಕ್ಕೆ ನೆಟ್ಟಿರ ಗಿಡ. ಇದೇನ್ ನಿಮ್ಮ ಹಿತ್ಲಾ?" ಅಂತ ಹೆಲ್ಮೆಟ್ಟಿಗೆ ಕೈ ಹಾಕಿದೆ.

"ಯಾರ ಹಿತ್ಲಾದ್ರೇನು, ಬೆಟ್ಟದ ಗೋಪಾಲಸ್ವಾಮಿಗೆ ಓಯ್ತದೆ. ಮುಟ್ಬ್ಯಾಡ ಕಣಯ್ಯಾ, ಮೈಲಿಗೆ ಆಯ್ತದೆ!"

ನನಗೆ ಮೈಯೆಲ್ಲ ಉರಿದುಹೋಯಿತು. "ದಿನಾ ನೀರು ಉಯ್ಯುವಾಗ ಆಗ್ದಿದ್ದ ಮೈಲಿಗೆ ಈಗ ಆಯ್ತದಾ?" ಅಂದವನೇ ಹೆಲ್ಮೆಟ್ ಕಿತ್ತುಕೊಂಡು, ಒಳಗೆ ಮೂಗು ತೂರಿಸಿ, ಒಂದೂ ಬಿಡದೆ ಮೂಸಿಬಿಟ್ಟೆ. ಮೂಸಿದ ಹೂವನ್ನು ಯಾರೂ ದೇವರಿಗೆ ಇಡುವುದಿಲ್ಲವಲ್ಲ. ಗೆದ್ದೆ ಅಂದುಕೊಂಡೆ.

ಯಜಮಾನರು ಹೆಲ್ಮೆಟ್ ಇಸಿದುಕೊಂಡು ಹೂವನ್ನೆಲ್ಲ ನನ್ನ ಕಾಲ ಬುಡಕ್ಕೆ ಸುರಿದರು. ನನ್ನದೇ ಪೈಪಿನ ನೀರಲ್ಲಿ ಹೆಲ್ಮೆಟ್ಟನ್ನು ಚೆನ್ನಾಗಿ ತೊಳೆದುಕೊಂಡು, ಮುಂದಿನ ಗಿಡದ ಹತ್ತಿರ ಹೋಗಿ ಮತ್ತೆ ಚಪ್ಪಲಿ ಬಿಟ್ಟರು.