ಸೀಟಿನ ಹಿಂದಿನ ಕೋವಿ

ನಾಳೆ ಬೆಳಗಾದರೆ ಉತ್ತರ ಮಿಶಿಗನ್ನಿನಲ್ಲಿ ಜಿಂಕೆ ಬೇಟೆಯ ಮೊದಲ ದಿನ, ಶಾಲೆಗಳಿಗೂ ರಜೆ. ಆರ್ವಿಡ್ ಲಹ್ತಿಯ ಎದೆ ಮಾತ್ರ ಇವತ್ತೇ ಡವಗುಟ್ಟುತ್ತಿತ್ತು. ಕೋವಿ ಹಿಡಿಯುವ ಹಕ್ಕನ್ನು ಮರಳಿ ಕೊಡಿ ಎಂಬ ಅವನ ಅರ್ಜಿ ಹತ್ತು ಗಂಟೆಗೆ ನ್ಯಾಯಾಧೀಶರ ಮುಂದೆ ಬರುವುದಿತ್ತು.

ಹತ್ತೊಂಬತ್ತರ ವಯಸ್ಸಿನಲ್ಲಿ ಕುಡಿದು, ಪೆಟ್ರೋಲ್ ಬಂಕಿನ ಲೋರ್ನಾಳ ಮುಖಕ್ಕೆ ಕೋವಿ ಹಿಡಿದು ಗಲ್ಲಾ ದೋಚಿದ್ದ. ನಾಲ್ಕು ವರ್ಷ ಜೈಲು, ಜೊತೆಗೆ ಕೋವಿ ಮುಟ್ಟಕೂಡದು, ಕೈಗೆಟುಕುವಲ್ಲಿ ಇಟ್ಟುಕೊಳ್ಳಲೂ ಕೂಡದು ಎಂಬ ನಿಷೇಧ. ಆಮೇಲಿನ ಇಪ್ಪತ್ತೆರಡು ವರ್ಷ ಬಿಲ್ಲುಬಾಣದಲ್ಲೇ ಬೇಟೆ. ಬೇಟೆಯ ಬಿಡಾರದೊಳಗೆ ಜೊತೆಗಾರರ ಕೋವಿಗಳಿರುತ್ತವೆಂದು ಹಿಮದಲ್ಲಿ ತನ್ನ ವ್ಯಾನಿನೊಳಗೇ ಮಲಗುತ್ತಿದ್ದ. ಹೆಂಡತಿಗೆ ಕೋವಿ ತೋರಿಸಿ ಬಾಯಿ ಮುಚ್ಚಿಸುವ ಮಹಾನುಭಾವರು ಮಾತ್ರ ಒಳಗೆ ಬೆಚ್ಚಗೆ ಗೊರಕೆ ಹೊಡೆಯುತ್ತಿದ್ದರು. ಅವರ ಮೇಲೆ ಕೇಸೇ ಇಲ್ಲವಲ್ಲ!

ಭಾವ ರಸ್‌ನ ಟ್ರಕ್ಕಿನಲ್ಲಿ ಕೋರ್ಟಿಗೆ ಹೊರಟಾಗ ಕೋವಿಗೆ ಸವರುವ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು.

"ಭಾವ, ಸೀಟಿನ ಹಿಂದೆ ಏನದು?"

ರಸ್ ಹಲ್ಲು ಕಿರಿದ. "ನಿಮ್ಮಪ್ಪನ ಕೋವಿ ಕಣೋ! ಸಹಿ ಬಿದ್ದ ತಕ್ಷಣ ಕೈಗಿಡೋಣ ಅಂತ."

"ನಿಲ್ಸು!"

"ಇನ್ನೊಂದು ಗಂಟೆ ಕಣೋ ಮಾರಾಯ..."

"ಗೊತ್ತಿದ್ದೂ ಕೂತ್ರೆ ಮತ್ತೆ ಜೈಲೇ! ನಿಲ್ಸು ಅಂದೆ!"

ಇಳಿದವನೇ ಓಡಿದ. ಎರಡು ಮೈಲಿ. ಹಿಮದಲ್ಲಿ ಬೂಟು ಜಾರಿತು, ಟೈ ಬೆನ್ನಿಗೆ ಹೋಯಿತು. ರಸ್ ಪಕ್ಕದಲ್ಲೇ ಗಾಡಿ ಬಿಟ್ಟುಕೊಂಡು, "ಹತ್ತೋ, ಬೇಕಾದ್ರೆ ಕೋವಿನ ಕಿಟಕಿಯಿಂದಾಚೆ ಹಿಡ್ಕೋತೀನಿ!" ಎಂದು ಕೂಗುತ್ತಿದ್ದ.

ಕೋರ್ಟು ಮುಟ್ಟಿದಾಗ ಹತ್ತೂವರೆ. ಮುಂದಿನ ಬೆಂಚಿನಲ್ಲಿ ಲೋರ್ನಾ! ಕೊಡಬೇಡಿ ಎನ್ನಲೆಂದೇ ಬರೆದು ತಂದಿದ್ದಳು.

"ಯಾಕೆ ತಡ?" ನ್ಯಾಯಾಧೀಶರ ಹುಬ್ಬು ಗಂಟಿಕ್ಕಿತ್ತು.

ಪಂಕ್ಚರ್ ಎನ್ನಬಹುದಿತ್ತು. "ಬಂದ ಗಾಡೀಲಿ ಕೋವಿ ಇತ್ತು ಸ್ವಾಮಿ. ಗೊತ್ತಾದ ಕೂಡ್ಲೆ ಇಳಿದು ಓಡಿಬಂದೆ" ಎಂದ, ಏದುಸಿರಿನಲ್ಲೇ.

ಲೋರ್ನಾ ಎದ್ದಳು. ಕಾಗದ ಮಡಚಿದಳು.

"ಈಗ್ಲೂ ಬಾಗಿಲು ಸದ್ದಾದ್ರೆ ನಂಗೆ ಬೆವರು ಬರುತ್ತೆ. ಇವನನ್ನ ನಾನು ಕ್ಷಮಿಸಿಲ್ಲ, ಕ್ಷಮಿಸೋದೂ ಇಲ್ಲ. ಆದ್ರೆ ಯಾರೂ ನೋಡದ ರಸ್ತೇಲಿ ಇಳಿದಿದ್ದಾನೆ. ಕೊಡಿ."

ಸಹಿ ಬಿತ್ತು!

ಹೊರಗೆ ರಸ್ ಕೋವಿ ಎತ್ತಿಕೊಂಡೇ ಓಡಿಬಂದ. "ತಗೋಳೋ! ಹಿಡ್ಕೋ!" ಆರ್ವಿಡ್ ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಲೋರ್ನಾ ಕಂಡಳು. ಥಟ್ಟನೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿದ.

"ತಾಳು ಭಾವ. ಅವರು ಹೋಗ್ಲಿ."

ಅವಳ ಕಾರು ತಿರುವು ದಾಟುವವರೆಗೂ ಕಾದ. ಆಮೇಲೆ ಕೈ ಚಾಚಿದ.